ಪಾಲಿಶ್ ಡಬ್ಬಿ ಪಕ್ಕಕ್ಕಿಡಿ

ಈ ಅಂಕಣಕ್ಕೆ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ. “ನಮ್ಮ ತಾತ ಮಳವಳ್ಳಿಯಲ್ಲಿ ಸ್ಟುಡಿಯೋ ಇಟ್ಟಿದ್ದರು. ಅವರ ಮರದ ಕ್ಯಾಮೆರಾ ಅಟ್ಟದ ಮೇಲಿದೆ. ಎಷ್ಟು ಹಳೆಯದು? ಎಷ್ಟು ಬೆಲೆ ಬಾಳಬಹುದು? ಪಾಲಿಶ್ ಹೊಡೆಸಿ ಹಾಲ್‌ನಲ್ಲಿ ಇಡಬಹುದೇ?” ಮಳವಳ್ಳಿಯ ಜಾಗದಲ್ಲಿ ಮದ್ದೂರೋ ಮಂಡ್ಯವೋ ಪಾಂಡವಪುರವೋ ಇರಬಹುದು, ಪ್ರಶ್ನೆ ಮಾತ್ರ ಅದೇ. ಜೊತೆಗೆ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೂ ಬರುತ್ತದೆ. ಅದರಲ್ಲಿ ಕ್ಯಾಮೆರಾದ ಮುಂಭಾಗ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಗುರುತು ಹಿಡಿಯಲು ಬೇಕಾದ ಮುಕ್ಕಾಲು ಪಾಲು ಸಂಗತಿ ಅದರ ಬೆನ್ನಲ್ಲಿ, ತಳದಲ್ಲಿ, ಕಾಲಲ್ಲಿ ಇರುತ್ತದೆ. ಪಾಲಿಶ್ ವಿಚಾರಕ್ಕೆ ನನ್ನ ಉತ್ತರ ಈಗಲೇ ಹೇಳಿಬಿಡುತ್ತೇನೆ: ಬೇಡ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ಜಾತಿ ತಿಳಿಯೋಣ. ನಮ್ಮ ಕಡೆಯ ಸ್ಟುಡಿಯೋದವರು ಬಾಯಿಮಾತಿಗೆ ಎಲ್ಲವನ್ನೂ ‘ಫೀಲ್ಡ್ ಕ್ಯಾಮೆರಾ’ ಅಂದರೂ ಅದರಲ್ಲಿ ಎರಡು ಬಗೆ. ಒಂದು, ಮಡಚಿ ಪೆಟ್ಟಿಗೆಯಂತೆ ಕೈಯಲ್ಲಿ ಹಿಡಿದು ಒಯ್ಯುವಂಥದ್ದು. ಮದುವೆ ಮನೆಗೆ, ಶಾಲೆಯ ಗ್ರೂಪ್ ಫೋಟೋಗೆ, ಅಮಲ್ದಾರರ ಬೀಳ್ಕೊಡುಗೆಗೆ ಸೈಕಲ್ ಕ್ಯಾರಿಯರ್ ಮೇಲೆ ಹೋಗುತ್ತಿದ್ದದ್ದು ಇದು. ಇನ್ನೊಂದು, ಸ್ಟುಡಿಯೋ ಬಿಟ್ಟು ಹೊರಡದ ಭಾರಿ ಕ್ಯಾಮೆರಾ. ಅದು ಮಡಚುವುದಿಲ್ಲ. ಲೆನ್ಸ್ ಕೂರಿಸುವ ಮುಂದಿನ ಹಲಗೆ ಅಗಲವಾಗಿರುತ್ತದೆ, ಹಿಂದೆ ಬಾಲದಂಥ ಉದ್ದನೆಯ ಹಲಗೆ ಚಾಚಿರುತ್ತದೆ. ಫೋಕಸ್ ಮಾಡುವಾಗ ಲೆನ್ಸ್ ಕದಲುವುದಿಲ್ಲ, ಹಿಂಭಾಗ ಹಲ್ಲುಪಟ್ಟಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಕೆಲವದರ ಬೆನ್ನು ಅಕ್ಕಪಕ್ಕಕ್ಕೂ ಜಾರುತ್ತದೆ. ಒಂದೇ ಪ್ಲೇಟಿನ ಎಡಕ್ಕೊಂದು ಬಲಕ್ಕೊಂದು ಫೋಟೋ ತೆಗೆದು ಗಾಜಿನ ಖರ್ಚು ಉಳಿಸುವ ಉಪಾಯ ಅದು.

ಆಮೇಲೆ ಒಂದು ಅಳತೆಪಟ್ಟಿ ತೆಗೆದುಕೊಂಡು ಹಿಂದಿನ ಮಬ್ಬು ಗಾಜನ್ನು, ಅಂದರೆ ಗ್ರೌಂಡ್ ಗ್ಲಾಸನ್ನು ಅಳೆಯಿರಿ. ನಾಲ್ಕೂಮುಕ್ಕಾಲು ಇಂಚು, ಆರೂವರೆ ಇಂಚು ಬಂದರೆ ಅದು ಹಾಫ್ ಪ್ಲೇಟ್. ಆರೂವರೆ, ಎಂಟೂವರೆ ಬಂದರೆ ಫುಲ್ ಪ್ಲೇಟ್. ಇವೆರಡೂ ಇಂಗ್ಲೆಂಡಿನ ಅಳತೆಗಳು. ಎಂಟು, ಹತ್ತು ಇಂಚು ಬಂದರೆ ಅಮೆರಿಕದ ಸ್ಟುಡಿಯೋ ಕ್ಯಾಮೆರಾ ಇರಬಹುದೆಂಬ ಗುಮಾನಿ ಇಟ್ಟುಕೊಳ್ಳಿ. ರಾಚೆಸ್ಟರ್‌ನ ಸೆಂಚುರಿ, ಬಿಂಗ್‌ಹ್ಯಾಮ್ಟನ್‌ನ ಆನ್ಸ್ಕೋ ಕಂಪನಿಗಳು ಆ ಅಳತೆಯಲ್ಲಿ ಮಾಡುತ್ತಿದ್ದವು. ನಾನು ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಕಂಡಿರುವುದು ಹಾಫ್ ಪ್ಲೇಟ್. ಅದರ ಪ್ಲೇಟಿನಿಂದ ನೇರವಾಗಿ ಕಾಗದಕ್ಕೆ ಅಚ್ಚು ಹಾಕಿದರೆ ಗೋಡೆಗೆ ತೂಗಬಹುದಾದ ಫೋಟೋ ಸಿಗುತ್ತಿತ್ತು. ದೊಡ್ಡದು ಮಾಡುವ ಯಂತ್ರಕ್ಕೆ ದುಡ್ಡು ಹಾಕುವ ಗೋಜೇ ಇರಲಿಲ್ಲ.

ಇನ್ನು ಹೆಸರು. ಕ್ಯಾಮೆರಾ ಮೇಲೆ ಒಂದು ಬಿಲ್ಲೆ ಕಂಡ ಕೂಡಲೇ ಅದೇ ಕಂಪನಿ ಎಂದು ತೀರ್ಮಾನಿಸಬೇಡಿ. ಮದರಾಸು, ಮುಂಬಯಿ, ಕಲ್ಕತ್ತದ ವ್ಯಾಪಾರಿಗಳು ಇಂಗ್ಲೆಂಡಿನಿಂದ ತರಿಸಿದ ಮಾಲಿಗೆ ತಮ್ಮ ಬಿಲ್ಲೆಯನ್ನೇ ಹೊಡೆದು ಮಾರುತ್ತಿದ್ದರು. ಅದು ಅಂಗಡಿಯ ಹೆಸರು. ಮಾಡಿದವರ ಗುರುತು ಬೇರೆ ಕಡೆ ಹುದುಗಿರುತ್ತದೆ: ತಳದ ಹಿತ್ತಾಳೆ ಉಂಗುರದ ಮೇಲೆ, ಮುಂದಿನ ಹಲಗೆಯ ಒಳಮೈಯಲ್ಲಿ, ಪ್ಲೇಟ್ ಹೋಲ್ಡರಿನ ಅಂಚಿನಲ್ಲಿ. ಬರ್ಮಿಂಗ್‌ಹ್ಯಾಮ್‌ನ ಲ್ಯಾಂಕಾಸ್ಟರ್, ಆಲ್ಟ್ರಿಂಚಮ್‌ನ ಥಾರ್ನ್‌ಟನ್ ಪಿಕಾರ್ಡ್, ಲಂಡನ್ನಿನ ಹೌಟನ್ ಇವು ಆ ಕಾಲದ ದೊಡ್ಡ ಹೆಸರುಗಳು. ಮರವೂ ಮಾತಾಡುತ್ತದೆ. ಕೆಂಗಂದು ಮಹಾಗನಿಯಾದರೆ ಇಂಗ್ಲೆಂಡಿನ ಕೈ ಇರಬಹುದು. ತೇಗವಾಗಿದ್ದು ಮೂಲೆ ಮೂಲೆಗೆ ಹಿತ್ತಾಳೆ ಪಟ್ಟಿ ಬಿಗಿದಿದ್ದರೆ ಎರಡು ಸಾಧ್ಯತೆ. ಒಂದೋ ನಮ್ಮಂಥ ಬಿಸಿಲು ಮಳೆಯ ದೇಶಕ್ಕೆಂದೇ ಇಂಗ್ಲೆಂಡಿನಲ್ಲಿ ಮಾಡಿದ ‘ಟ್ರಾಪಿಕಲ್’ ಮಾದರಿ, ಇಲ್ಲವೇ ಇಲ್ಲಿಯದೇ. ಸ್ಕ್ರೂಗಳ ತಲೆಯನ್ನೂ ನೋಡಿ. ಒಂದೇ ಗೀಟಿನ ಸ್ಕ್ರೂ ಹಳೆಯದು. ನಕ್ಷತ್ರದಂಥ ಗುರುತಿನದು 1930ರ ದಶಕದಲ್ಲಷ್ಟೇ ಬಳಕೆಗೆ ಬಂದದ್ದು, ಆದ್ದರಿಂದ ಅಂಥ ಸ್ಕ್ರೂ ಕಂಡರೆ ಕ್ಯಾಮೆರಾ ಆಮೇಲಿನದು, ಅಥವಾ ಯಾರೋ ರಿಪೇರಿಗೆ ಕೈ ಹಾಕಿದ್ದಾರೆ.

ಕೇರಳದ ಆಲಪ್ಪುಳದ ‘ವಾಗೀಶ್ವರಿ’ ಎಂಬ ಹೆಸರು ಕಂಡರೆ ‘ಲೋಕಲ್ ಮಾಲು’ ಎಂದು ಮೂಗು ಮುರಿಯಬೇಡಿ. 1940ರ ದಶಕದಿಂದ ಕೆಲವು ದಶಕ ಈ ಕ್ಯಾಮೆರಾಗಳು ದೇಶದ ನಾನಾ ಕಡೆಯ ಸ್ಟುಡಿಯೋಗಳಿಗೆ ಹೋದವು. ಅದನ್ನು ಶುರು ಮಾಡಿದ ಕೆ. ಕರುಣಾಕರನ್ ಅವರದು ಸಂಗೀತ ವಾದ್ಯ ಮಾಡುವ ಮನೆತನ. ಸ್ಟುಡಿಯೋದವರೊಬ್ಬರು ಹರಿದ ಬೆಲ್ಲೋಸನ್ನು, ಅಂದರೆ ಲೆನ್ಸಿಗೂ ಬೆನ್ನಿಗೂ ನಡುವಿನ ಮಡಿಕೆ ಚೀಲವನ್ನು, ರಿಪೇರಿಗೆ ತಂದದ್ದೇ ನೆಪವಾಗಿ ಅವರು ಇಡೀ ಕ್ಯಾಮೆರಾ ಮಾಡಲು ಕಲಿತರು. ಲಂಡನ್ನಿನ ಬಿಲ್ಲೆಯ ಕ್ಯಾಮೆರಾಕ್ಕಿಂತ ಇಂಥದ್ದೊಂದು ಮದ್ದೂರಿನ ಅಟ್ಟದಲ್ಲಿ ಸಿಕ್ಕರೆ ನನಗೆ ಹೆಚ್ಚು ಖುಷಿ.

ಕಾಲ ಹೇಳುವ ವಿಷಯದಲ್ಲಿ ಮರಕ್ಕಿಂತ ಲೆನ್ಸ್ ನಂಬಿಕಸ್ಥ. ಹಿತ್ತಾಳೆ ಕೊಳವೆಯ ನೆತ್ತಿಯಲ್ಲಿ ಉದ್ದನೆಯ ಸೀಳಿದ್ದು, ಅದರೊಳಗೆ ತೂತಿನ ತಗಡು ಇಳಿಬಿಡುವ ಬಗೆಯದಾದರೆ ಅದು ಹತ್ತೊಂಬತ್ತನೇ ಶತಮಾನದ ಪದ್ಧತಿ. ತಿರುಗಿಸಿದರೆ ಕಣ್ಣಿನ ಪಾಪೆಯಂತೆ ಕಿರಿದಾಗುವ ಐರಿಸ್ ಆಮೇಲೆ ವಾಡಿಕೆಗೆ ಬಂತು. ಡಾಲ್‌ಮೇಯರ್ ಕಂಪನಿಯ ‘ರ್‍ಯಾಪಿಡ್ ರೆಕ್ಟಿಲಿನಿಯರ್’ 1866ರದು, ಝೈಸ್‌ನ ‘ಟೆಸ್ಸಾರ್’ 1902ರದು. ಅವಕ್ಕಿಂತ ಮುಂಚಿನ ಕಾಲವನ್ನು ಆ ಲೆನ್ಸ್‌ಗಳಿಗೆ ಹೇಳುವ ಹಾಗೇ ಇಲ್ಲ. ಝೈಸ್‌ನಂಥ ಕಂಪನಿಗಳ ಲೆನ್ಸ್ ಮೇಲಿನ ಸಂಖ್ಯೆ ಇಟ್ಟುಕೊಂಡು ಎಂದಿನದೆಂದು ಸುಮಾರಾಗಿ ಹೇಳುವ ಪಟ್ಟಿಗಳೂ ಇವೆ. ಟ್ಯೂಬ್‌ಲೈಟಿನ ಕೆಳಗೆ ಹಿಡಿದಾಗ ಗಾಜಿನಲ್ಲಿ ನೀಲಿ ಅಥವಾ ನೇರಳೆ ಹೊಳಪು ಕಂಡರೆ ಅದಕ್ಕೆ ಲೇಪ ಇದೆ, ಹೆಚ್ಚುಕಮ್ಮಿ ಎರಡನೇ ಮಹಾಯುದ್ಧದ ನಂತರದ ಲೆನ್ಸ್. 1900ರ ಡಬ್ಬಕ್ಕೆ 1950ರ ಲೆನ್ಸ್ ಕೂತಿರುವುದು ಮಾಮೂಲು. ದುಡಿಯುವ ಸ್ಟುಡಿಯೋದಲ್ಲಿ ಕೆಟ್ಟದ್ದನ್ನು ಬದಲಿಸುತ್ತಿದ್ದರು, ಅಷ್ಟೆ. ಅದನ್ನು ಬೆರಕೆ ಎಂದು ಹೀಗಳೆಯುವ ಸಂಗ್ರಾಹಕರ ಮಾತಿಗೆ ನಾನು ಕಿವಿಗೊಡುವುದಿಲ್ಲ.

ಎಲ್ಲರೂ ಕಡೆಗಣಿಸುವ ಸ್ಟ್ಯಾಂಡಿನ ಮಾತಿಗೆ ಬರೋಣ. ಕ್ಯಾಮೆರಾ ಅಟ್ಟ ಸೇರುತ್ತದೆ, ಸ್ಟ್ಯಾಂಡು ಸೌದೆ ಸೇರುತ್ತದೆ. ಇದು ನಮ್ಮ ಊರುಗಳ ಕತೆ. ಮಡಚುವ ಕ್ಯಾಮೆರಾದ ತಳದಲ್ಲಿ ಅಂಗೈಯಗಲದ ದುಂಡು ತೂತು, ಅದರ ಸುತ್ತ ಹಿತ್ತಾಳೆ ಉಂಗುರ ಇದ್ದರೆ ಅದಕ್ಕೆ ಮೂರು ಮರದ ಕಾಲುಗಳು ನೇರವಾಗಿ ಸಿಕ್ಕಿಕೊಳ್ಳುತ್ತಿದ್ದವು ಎಂದರ್ಥ. ಕಾಲು ಕಳೆದುಹೋದ ಮೇಲೆ ಆ ತೂತಿಗೆ ಪ್ಲೈವುಡ್ ಬಡಿದು ನಡುವೆ ನಟ್ಟು ಕೂರಿಸಿರುವುದನ್ನೂ ಕಾಣಬಹುದು. ಸ್ಟುಡಿಯೋ ಸ್ಟ್ಯಾಂಡಿನ ಗತ್ತೇ ಬೇರೆ. ಕೆಳಗೆ ಗಾಲಿ, ಮೇಲೆ ಓಲುವ ಮೇಜು, ಪಕ್ಕದಲ್ಲಿ ಎತ್ತರ ಇಳಿತಕ್ಕೆ ಒಂದು ಕೈಚಕ್ರ. ಒಳಗೆ ಸ್ಕ್ರೂ ಇರಬಹುದು, ಹಲ್ಲುಪಟ್ಟಿ ಇರಬಹುದು, ಹಗ್ಗಕ್ಕೆ ಕಟ್ಟಿದ ತೂಕದ ಗುಂಡೂ ಇರಬಹುದು. ವಿದೇಶಿ ಸ್ಟ್ಯಾಂಡಾದರೆ ಎರಕದ ಕಬ್ಬಿಣದ ಭಾಗಗಳ ಮೇಲೆ ಅಕ್ಷರವೋ ಅಂಕಿಯೋ ಉಬ್ಬಿರುತ್ತದೆ. ಇಲ್ಲಿನ ಆಚಾರಿಗಳು ಅದನ್ನು ನೋಡಿ ಮಾಡಿದ್ದಾದರೆ ಮರ ತೇಗವೋ ಹೊನ್ನೆಯೋ ಆಗಿದ್ದು, ಕೀಲುಗಳು ನಮ್ಮ ಬಾಗಿಲ ಚೌಕಟ್ಟಿನ ಕೀಲಿನ ರೀತಿಯಲ್ಲೇ ಕೂತಿರುತ್ತವೆ. ಕುರ್ಚಿಯಲ್ಲಿ ಕೂತ ಮದುಮಗಳ ಕಣ್ಣಿನ ಮಟ್ಟಕ್ಕೆ, ತೊಡೆಯ ಮೇಲಿನ ಕೂಸಿನ ಮಟ್ಟಕ್ಕೆ ಆ ಭಾರದ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಇಳಿಸಬೇಕಿತ್ತು. ಸ್ಟ್ಯಾಂಡಿಲ್ಲದ ಸ್ಟುಡಿಯೋ ಕ್ಯಾಮೆರಾ ಅರ್ಧ ಕ್ಯಾಮೆರಾ. ಹಿತ್ತಲಲ್ಲಿ ಹೂಕುಂಡ ಹೊತ್ತು ನಿಂತಿರುವ ವಿಚಿತ್ರ ಮೇಜೊಂದಿದ್ದರೆ ಅದರ ಕಾಲುಗಳನ್ನೊಮ್ಮೆ ಬಗ್ಗಿ ನೋಡಿ.

ಪಕ್ಕದಲ್ಲೇ ಒಂದು ಎಚ್ಚರಿಕೆ. ರೂರ್ಕಿ ಕಡೆಯಿಂದ ಬರುವ ಅಲಂಕಾರದ ಹಿತ್ತಾಳೆ ಸಾಮಾನಿನ ಜೊತೆ ‘ಆಂಟಿಕ್ ಕ್ಯಾಮೆರಾ’ಗಳೂ ಬೆಂಗಳೂರು, ಮೈಸೂರಿನ ಅಂಗಡಿಗಳಲ್ಲಿ ಕೂತಿವೆ. ಬೆಲ್ಲೋಸ್ ಎಳೆದು ನೋಡಿ. ಗ್ರೌಂಡ್ ಗ್ಲಾಸ್ ಇದೆಯೇ, ಪ್ಲೇಟ್ ಹೋಲ್ಡರ್ ಕೂರಲು ತೋಡು ಇದೆಯೇ ನೋಡಿ. ಮೂರೂ ಇಲ್ಲದಿದ್ದರೆ ಅದು ಹುಟ್ಟಿದಾಗಿನಿಂದ ಒಂದು ಫೋಟೋವನ್ನೂ ತೆಗೆದಿಲ್ಲ, ತೆಗೆಯುವುದೂ ಇಲ್ಲ.

ಈಗ ಪಾಲಿಶ್ ಯಾಕೆ ಬೇಡ ಎಂಬ ಮಾತು. ಹಳೆಯ ಕ್ಯಾಮೆರಾದ ಮರದ ಮೇಲಿರುವುದು ಸಾಮಾನ್ಯವಾಗಿ ಅರಗಿನ ಲೇಪ. ಮದ್ದೂರು ದಾಟಿ ಬೆಂಗಳೂರಿನ ಕಡೆ ಹೋದರೆ ಸಿಗುವ ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಹಿಡಿಸುವುದೂ ಅದೇ ಅರಗು. ಅದು ಸ್ಪಿರಿಟ್ಟಿಗೆ ಕರಗುತ್ತದೆ. ಕಾಣದ ಮೂಲೆಯಲ್ಲಿ ಹತ್ತಿಯ ತುದಿಗೆ ಒಂದು ಹನಿ ಸ್ಪಿರಿಟ್ ಮುಟ್ಟಿಸಿ, ಮೈ ಅಂಟಂಟಾದರೆ ಅರಗು. ಹಾಗಿದ್ದರೆ ಕೆಲಸ ಸಲೀಸು. ಧೂಳು ಒರೆಸಿ, ಮೆತ್ತನೆ ಬಟ್ಟೆಯಲ್ಲಿ ತೆಳುವಾದ ಅರಗಿನ ದ್ರಾವಣ ಹಚ್ಚಿದರೆ ಹಳೆಯ ಲೇಪ ಹೊಸದರ ಜೊತೆ ಬೆರೆತು ತಾನಾಗಿ ಚೇತರಿಸಿಕೊಳ್ಳುತ್ತದೆ. ಉಪ್ಪುಕಾಗದ ಹಾಕಿ ಉಜ್ಜಿ, ಮೇಲೆ ಮಂದ ವಾರ್ನಿಷ್ ಬಳಿದರೆ ನೂರು ವರ್ಷದ ಕೈಗುರುತು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಸರಿಯುವ ಭಾಗಗಳು ವಾರ್ನಿಷ್ಷಿನ ದಪ್ಪಕ್ಕೆ ಕಚ್ಚಿಕೊಳ್ಳುತ್ತವೆ. ಹಿತ್ತಾಳೆಯದ್ದೂ ಇದೇ ಪಾಡು. ಅದರ ಮೇಲೂ ಕಪ್ಪಾಗದಿರಲೆಂದು ತೆಳು ಲೇಪ ಹಾಕಿರುತ್ತಾರೆ. ಪಾತ್ರೆ ಬೆಳಗುವ ಪಾಲಿಶ್ ಹಾಕಿ ತಿಕ್ಕಿದರೆ ಲೇಪ ಹೋಗುತ್ತದೆ, ಕೊರೆದ ಅಕ್ಷರ ಸವೆಯುತ್ತದೆ, ಬಿಳಿ ಪುಡಿ ಮರದ ಸಂದಿಯಲ್ಲಿ ಕೂರುತ್ತದೆ. ಯಾವುದನ್ನು ಓದಿ ಕ್ಯಾಮೆರಾದ ಕುಲಗೋತ್ರ ಹೇಳಬೇಕೋ ಅದನ್ನೇ ಅಳಿಸಿದ ಹಾಗಾಯಿತು. ಮಿರಮಿರ ಮಿಂಚುವ ಕ್ಯಾಮೆರಾ ಕಂಡರೆ ತಿಳಿದವರು ಕೊಡುವ ಬೆಲೆ ಕಮ್ಮಿಯಾಗುವುದು ಇದಕ್ಕೇ.

ಹಾಗಾದರೆ ಏನು ಮಾಡಬೇಕು? ಬಿಚ್ಚುವ ಮುಂಚೆ ಎಲ್ಲ ಮಗ್ಗುಲಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಬಿಚ್ಚಿದ ಸ್ಕ್ರೂ ಯಾವ ತೂತಿನದೆಂದು ಹಲಗೆಯ ಚಿತ್ರ ಬರೆದ ರಟ್ಟಿಗೆ ಚುಚ್ಚಿಡಿ. ಕೀಲು ಸಡಿಲವಾಗಿದ್ದರೆ ಈಗಿನ ಬಿಳಿ ಅಂಟು ಸುರಿಯಬೇಡಿ. ಹಳೆಯ ಆಚಾರಿಗಳು ಬಳಸುತ್ತಿದ್ದ ಮರವಜ್ರ ಬಿಸಿನೀರಿಗೆ ಬಿಡುತ್ತದೆ, ಮುಂದೆ ಯಾರಾದರೂ ಮತ್ತೆ ಬಿಚ್ಚಿ ಕೂರಿಸಬಹುದು. ಕಳೆದುಹೋದ ಹಿತ್ತಾಳೆ ತಿರುಪಿಗೆ ಆನ್‌ಲೈನಿನಲ್ಲಿ ಹುಡುಕಿ ಸುಸ್ತಾಗುವ ಬದಲು ಉಳಿದಿರುವ ಜೋಡಿಯನ್ನು ಹಿಡಿದು ನಾಗಮಂಗಲಕ್ಕೆ ಹೋಗಿ. ದೇವರ ವಿಗ್ರಹ ಎರಕ ಹೊಯ್ಯುವ ಕೈಗಳು ಅಲ್ಲಿ ಇನ್ನೂ ಇವೆ, ಒಂದು ತಿರುಪು ಅವರಿಗೆ ಯಾವ ಲೆಕ್ಕ? ಲೆನ್ಸನ್ನು ಮಾತ್ರ ಗಾಳಿ ಊದಿ, ಮೆದು ಕುಂಚದಲ್ಲಿ ಕೊಡವಿ ಬಿಟ್ಟುಬಿಡಿ. ಎರಡು ಗಾಜುಗಳನ್ನು ಒಂದಕ್ಕೊಂದು ಅಂಟಿಸಿರುವ ಬಾಲ್ಸಂ ಸ್ಪಿರಿಟ್ ತಾಗಿದರೆ ಅಂಚಿನಿಂದ ಬಿಡತೊಡಗುತ್ತದೆ. ಗ್ರೌಂಡ್ ಗ್ಲಾಸ್ ಒಡೆದಿದ್ದರೆ ಸಾದಾ ಗಾಜಿನ ಮೇಲೆ ಕಾರ್ಬೊರಂಡಮ್ ಪುಡಿ, ನೀರು ಹಾಕಿ ಇನ್ನೊಂದು ಗಾಜಿನಿಂದ ಸುತ್ತಿಸಿ ಅರೆದರೆ ಮನೆಯಲ್ಲೇ ತಯಾರು. ಒರಟು ಮೈ ಲೆನ್ಸಿನ ಕಡೆಗಿರಬೇಕು, ಪ್ಲೇಟು ಕೂರುವ ಮಟ್ಟದಲ್ಲೇ ಇರಬೇಕು. ಅದು ತಪ್ಪಿದರೆ ಕಣ್ಣಿಗೆ ಚೊಕ್ಕ ಕಂಡದ್ದು ಫೋಟೋದಲ್ಲಿ ಮಸುಕಾಗುತ್ತದೆ.

ನಿಜವಾದ ತಲೆನೋವು ಬೆಲ್ಲೋಸ್. ಕತ್ತಲೆ ಕೋಣೆಯಲ್ಲಿ ಒಳಗೊಂದು ಟಾರ್ಚು ಇಟ್ಟು ಹೊರಗಿನಿಂದ ನೋಡಿ. ಮಡಿಕೆಯ ಮೂಲೆಗಳಲ್ಲಿ ನಕ್ಷತ್ರಗಳು ಮಿನುಗಿದರೆ ಅಷ್ಟು ಕಡೆ ಬೆಳಕು ಸೋರುತ್ತಿದೆ. ನಾಲ್ಕಾರು ತೂತಾದರೆ ತೆಳು ಕರಿ ಬಟ್ಟೆಯ ತುಣುಕನ್ನು ಒಳಗಿನಿಂದ, ಒಣಗಿದ ಮೇಲೂ ಬಾಗುವಂಥ ಅಂಟಿನಲ್ಲಿ ಮೆತ್ತಿದರೆ ಸಾಕು. ಪೂರಾ ಹೋಗಿದ್ದರೆ ಹೊಸದೇ ಆಗಬೇಕು: ಹೊರಗೆ ತೆಳು ಚರ್ಮ, ಒಳಗೆ ಕರಿ ಬಟ್ಟೆ, ನಡುವೆ ರಟ್ಟಿನ ಪಟ್ಟಿಗಳು. ನನ್ನಲ್ಲಿರುವ ಹಾಫ್ ಪ್ಲೇಟ್ ಕ್ಯಾಮೆರಾಕ್ಕೆ ಇದನ್ನು ಮಾಡಿಕೊಟ್ಟವರು ಮಂಡ್ಯದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರು. ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿ, “ನಮ್ ಪೆಟ್ಟಿಗೇಲಿ ಗಾಳಿ ಸೋರ್‌ಬಾರ್ದು, ನಿಮ್ದ್ರಲ್ಲಿ ಬೆಳಕು ಸೋರ್‌ಬಾರ್ದು, ಅಷ್ಟೇ ತಾನೇ? ಬಿಡಿ, ಮಾಡಣ” ಎಂದರು. ಹಳೆಯ ಬೆಲ್ಲೋಸನ್ನು ಹರಿಯದಂತೆ ಬಿಡಿಸಿ, ಕಾಗದದ ಮೇಲೆ ಹರಡಿ, ಮಡಿಕೆಯ ಗೆರೆಗಳನ್ನು ಪೆನ್ಸಿಲಿನಲ್ಲಿ ಇಳಿಸಿಕೊಂಡರು. ಆಲಪ್ಪುಳದಲ್ಲಿ ವಾದ್ಯದ ಮನೆಯಿಂದ ಕ್ಯಾಮೆರಾ ಹುಟ್ಟಿದ್ದು ಹೇಗೆಂದು ನನಗೆ ಚೆನ್ನಾಗಿ ಅರ್ಥವಾದದ್ದು ಅವರ ಪಕ್ಕ ಕೂತಾಗಲೇ.

ಇಷ್ಟೆಲ್ಲ ಮಾಡುವುದು ಶೋಕೇಸಿಗಾದರೆ ನನಗೆ ಆಸಕ್ತಿಯಿಲ್ಲ. ದುರಸ್ತಿ ಮುಗಿಯಿತು ಎನ್ನಲು ಒಂದೇ ಅಳತೆಗೋಲು: ಅದು ಮತ್ತೆ ಫೋಟೋ ತೆಗೆಯಬೇಕು. ಗಾಜಿನ ಪ್ಲೇಟ್ ಸಿಗುವುದಿಲ್ಲವಲ್ಲ ಎನ್ನುತ್ತೀರಿ. ಆಸ್ಪತ್ರೆಯ ಎಕ್ಸ್‌ರೇ ಫಿಲ್ಮನ್ನು ಕೆಂಪು ದೀಪದಲ್ಲಿ ಅಳತೆಗೆ ಕತ್ತರಿಸಿ ಹೋಲ್ಡರಿಗೆ ತುಂಬಬಹುದು. ಹೋಲ್ಡರು ಹಳೆಯ ಪ್ಲೇಟಿನದಾದರೆ ಫಿಲ್ಮಿನ ಬೆನ್ನಿಗೆ ತೆಳು ಗಾಜೋ ತಗಡೋ ಒತ್ತು ಕೊಡಬೇಕಾದೀತು. ಎಕ್ಸ್‌ರೇ ಫಿಲ್ಮಿಗೆ ಹಳೆಯ ಪ್ಲೇಟುಗಳಂತೆಯೇ ಕೆಂಪು ಕಾಣುವುದಿಲ್ಲ, ಅದಕ್ಕೇ ಹಣೆಯ ಕುಂಕುಮ ಕಪ್ಪಗೆ ಮೂಡುತ್ತದೆ, ತುಟಿ ಗಾಢವಾಗುತ್ತದೆ. ಅಜ್ಜಿಯ ಕಾಲದ ಫೋಟೋಗಳ ಮುಖಭಾವ ತಾನಾಗಿ ಬರುತ್ತದೆ. ಅದೂ ಇಲ್ಲವೆಂದರೆ ಫೋಟೋ ಪ್ರಿಂಟ್ ಹಾಕುವ ಕಾಗದವನ್ನೇ ನೆಗೆಟಿವ್ ಮಾಡಿಕೊಳ್ಳಬಹುದು. ಅದರ ವೇಗ ಐಎಸ್‌ಒ 6ರ ಆಸುಪಾಸು. ನೆರಳಲ್ಲಿ ಕೂತವರು ಕೆಲವು ಸೆಕೆಂಡು ಅಲುಗಾಡದೆ ಇರಬೇಕು, ಲೆನ್ಸಿನ ಮುಚ್ಚಳ ತೆಗೆದು ಎಣಿಸಿ ಮುಚ್ಚಿದರೆ ಮುಗಿಯಿತು, ಶಟರಿನ ಹಂಗೇ ಇಲ್ಲ. ಆ ಕಾಲದ ಸ್ಟುಡಿಯೋದವರು ಮಾಡುತ್ತಿದ್ದದ್ದೂ ಅದನ್ನೇ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿದರೂ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ. ತಾಲ್ಲೂಕು ಪೇಟೆಯ ಫೋಟೋ ಕಸುಬು ಗಾಜಿನ ಹೆಂಚಿನಿಂದ ಇಳಿಯುವ ಹಗಲು ಬೆಳಕನ್ನೇ ನಂಬಿತ್ತು.

ಇಟ್ಟುಕೊಳ್ಳುವ ಜಾಗದ ಬಗ್ಗೆ ಎರಡು ಮಾತು. ನಾಲೆ ಬಯಲಿನ ನಮ್ಮ ಊರುಗಳಲ್ಲಿ ಮಳೆಗಾಲ ಬಂತೆಂದರೆ ಗೋಡೆ ಬೆವರುತ್ತದೆ, ಲೆನ್ಸಿನೊಳಗೆ ಬೂಷ್ಟು ಕವಲೊಡೆಯುತ್ತದೆ, ಗೆದ್ದಲು ಸ್ಟ್ಯಾಂಡಿನ ಕಾಲಿನಿಂದಲೇ ಹತ್ತುತ್ತದೆ. ಆದ್ದರಿಂದ ಗೋಡೆಗೆ ಒರಗಿಸಬೇಡಿ. ಕಾಲಿನ ಕೆಳಗೆ ಕಲ್ಲಿನದೋ ಲೋಹದ್ದೋ ಬಿಲ್ಲೆ ಇಡಿ. ಪ್ಲಾಸ್ಟಿಕ್ ಹೊದಿಸಬೇಡಿ, ಹತ್ತಿ ಬಟ್ಟೆ ಸಾಕು. ಲೆನ್ಸನ್ನು ಬಿಚ್ಚಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ತಿಂಗಳಿಗೊಮ್ಮೆ ಬೆಲ್ಲೋಸ್ ಬಿಚ್ಚಿ ಗಾಳಿಯಾಡಿಸಿ, ಮಡಿಕೆಯಲ್ಲೇ ವರ್ಷಗಟ್ಟಲೆ ಬಿಟ್ಟರೆ ಚರ್ಮ ಅಲ್ಲೇ ಬಿರಿಯುತ್ತದೆ.

ಬೆಲೆ? ದಲ್ಲಾಳಿಗಳು ಬಂದ ಕೂಡಲೇ ಕಣ್ಣು ಹಾಕುವುದು ಲೆನ್ಸಿಗೆ. ಒಳ್ಳೆಯ ಲೆನ್ಸಿಗೆ ಇಂದಿಗೂ ಗಿರಾಕಿ ಇದ್ದಾರೆ, ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸಿ ಬಳಸುವವರೂ ಇದ್ದಾರೆ. “ಡಬ್ಬ ನೀವೇ ಮಡಿಕ್ಕಳಿ ಯಜಮಾನ್ರೇ” ಎಂಬ ಉದಾರ ಮಾತಿಗೆ ಮರುಳಾದರೆ ಎತ್ತು ಮಾರಿ ನೊಗ ಇಟ್ಟುಕೊಂಡ ಹಾಗಾಗುತ್ತದೆ. ಮಾರುವುದೇ ಆದರೆ ಕ್ಯಾಮೆರಾ, ಲೆನ್ಸ್, ಹೋಲ್ಡರ್, ಸ್ಟ್ಯಾಂಡು ಒಟ್ಟಿಗೆ ಮಾರಿ. ಹೋಲ್ಡರುಗಳಂತೂ ಒಂದು ಕ್ಯಾಮೆರಾದ್ದು ಇನ್ನೊಂದಕ್ಕೆ ಕೂರುವುದೇ ಅಪರೂಪ. ವಿದೇಶದ ಗಿರಾಕಿ ಎಂದರೆ ಇನ್ನಷ್ಟು ಎಚ್ಚರ ಬೇಕು. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಬಂದರೆ ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ದಾನ ಕೊಡುವ ಮನಸ್ಸಿದ್ದರೆ ಗುರುಗ್ರಾಮದಲ್ಲಿ ಆದಿತ್ಯ ಆರ್ಯ 2019ರಲ್ಲಿ ತೆರೆದ ಮ್ಯೂಸಿಯೋ ಕ್ಯಾಮೆರಾದಂಥ ಜಾಗಗಳಿವೆ. ಆದರೂ ನನ್ನ ಆಸೆ ಬೇರೆ. 1933ರಲ್ಲಿ ಸಕ್ಕರೆ ಕಂಪನಿ, 1939ರಲ್ಲಿ ಜಿಲ್ಲೆಯ ಪಟ್ಟ ಬಂದು ಮಂಡ್ಯ ಪಟ್ಟಣವಾಗಿ ಬೆಳೆದ ಕಾಲದ ಮುಖಗಳನ್ನು ಹಿಡಿದದ್ದು ಈ ಕ್ಯಾಮೆರಾಗಳೇ. ಒಂದೆರಡಾದರೂ ಇಲ್ಲೇ ಒಂದು ಕಾಲೇಜಿನಲ್ಲೋ ಗ್ರಂಥಾಲಯದಲ್ಲೋ ಮಕ್ಕಳ ಕೈಗೆ ಎಟುಕುವಂತೆ ಇರಬೇಕು, ತಲೆಕೆಳಗಾದ ಚಿತ್ರವನ್ನು ಅವರು ಕರಿಬಟ್ಟೆ ಹೊದ್ದು ನೋಡಬೇಕು.

ಕೊನೆಯದಾಗಿ, ಅಟ್ಟ ಹತ್ತಿದವರು ಕ್ಯಾಮೆರಾ ಇಳಿಸಿಕೊಂಡು ಅದರ ಪಕ್ಕದ ರಟ್ಟಿನ ಪೆಟ್ಟಿಗೆಗಳನ್ನು ಬಿಟ್ಟು ಬರಬೇಡಿ. ಅವುಗಳಲ್ಲಿರುವುದು ಗಾಜಿನ ನೆಗೆಟಿವ್. ಗಾಜು ತೊಳೆದು ಫೋಟೋ ಫ್ರೇಮಿಗೆ ಹಾಕಿದ ಮನೆಗಳುಂಟು, ಹಾಗೆ ಹೋದ ಮುಖಗಳಿಗೆ ಲೆಕ್ಕವಿಲ್ಲ. ನೀರು ಸೋಕಿಸದೆ, ಮಸಿ ಹಿಡಿದ ಮೈಯನ್ನು ಮುಟ್ಟದೆ, ಅಂಚು ಹಿಡಿದು ಒಂದೊಂದಕ್ಕೂ ಕಾಗದ ಸುತ್ತಿ, ನೆಟ್ಟಗೆ ನಿಲ್ಲಿಸಿಡಿ. ಬಿಳಿಯ ಮೊಬೈಲ್ ಪರದೆಯ ಮೇಲೆ ಹಿಡಿದು ಇನ್ನೊಂದು ಮೊಬೈಲಿನಲ್ಲಿ ಚಿತ್ರ ತೆಗೆದರೆ ಯಾರೆಂದು ಗುರುತು ಹಿಡಿಯುವಷ್ಟು ಸಿಗುತ್ತದೆ. ಗುರುತು ಹಿಡಿಯಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಭಾನುವಾರವೇ ಕೂತು ಕೇಳಿ ಬರೆದಿಟ್ಟುಕೊಳ್ಳಿ. ಮರ ಹಿತ್ತಾಳೆಯ ಕೆಲಸ ಮುಂದಿನ ವರ್ಷ ಮಾಡಿದರೂ ನಡೆಯುತ್ತದೆ.